ಆ ಫೋಟೋ ನಾನೂ ಕಳಿಸಿದ್ದೆ

ಕಾಫಿಕಣ (ಚರ್ಚೆ ಶುರು ಮಾಡಿದವರು)

ಹೋದ ವಾರ ಹಾಸನದಿಂದ ತಂಗಿ ಒಂದು ಫೋಟೋ ಕಳಿಸಿದಳು. ಕೆಳಗೆ, "ಅಣ್ಣ, ಹುಷಾರು. ಮಕ್ಕಳ ಕಳ್ಳರು ಹಾಸನಕ್ಕೆ ಬಂದಿದ್ದಾರಂತೆ, ನಿಮ್ಮ ಕಡೆಗೂ ಬರಬಹುದು" ಅಂತ ಬರೆದಿದ್ದಳು. ಫೋಟೋದಲ್ಲಿ ತಲೆ ಮೇಲೆ ಬೆಡ್‌ಶೀಟ್ ಗಂಟು ಹೊತ್ತ ಒಬ್ಬ ಮನುಷ್ಯ. ಹಿಂದೆ ಹಳದಿ ನೀರಿನ ಟ್ಯಾಂಕ್, ಅದರ ಪಕ್ಕ ಒಂದು ಕೀಲು ಕಿತ್ತುಹೋದ ಗೇಟು. ಆ ಗೇಟು ಹಾಸನದ್ದಲ್ಲ, ನಮ್ಮ ಬೀದಿಯದ್ದು. ಫೋಟೋ ತೆಗೆದದ್ದು 2019ರ ಡಿಸೆಂಬರ್‌ನಲ್ಲಿ. ಇಷ್ಟು ಸರಿಯಾಗಿ ಹೇಗೆ ಗೊತ್ತು ಅಂದ್ರೆ, ಅವತ್ತು ಅದನ್ನು ಆರು ಗ್ರೂಪಿಗೆ ಕಳಿಸಿದವನು ನಾನು.

ಅರೇಬಿಕಾ ಕಾಫಿ ಕೊಯ್ಲಿನ ಸಮಯ. ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ಫೋನ್ ಹಿಡಿದು ಕೂತೆ. ಊರಿನ ಗ್ರೂಪಿನಲ್ಲಿ ಈ ಫೋಟೋ ಬಂದಿತ್ತು. "ಈ ವ್ಯಕ್ತಿ ಮನೆ ಮನೆ ತಿರುಗಿ ಮಕ್ಕಳನ್ನು ನೋಡಿಕೊಂಡು ಹೋಗುತ್ತಿದ್ದಾನೆ. ಎಲ್ಲರಿಗೂ ತಿಳಿಸಿ." ನನಗೂ ಆಗ ಮೂರು ವರ್ಷದ ಮಗಳು. ಯೋಚನೆ ಮಾಡಲಿಲ್ಲ. ಒಂದೇ ಸಲಕ್ಕೆ ಐದು ಗ್ರೂಪಿಗೆ ಹೋಯಿತು, ಆರನೆಯದಕ್ಕೆ ಇನ್ನೊಮ್ಮೆ ಒತ್ತಬೇಕಾಯಿತು. ಒತ್ತಿದೆ. ಆ ಎರಡನೇ ಸಲ ಒತ್ತಿದ್ದು ನನಗೆ ಈಗಲೂ ಬೆರಳಲ್ಲಿ ಇದೆ.

ಮರುದಿನ ಬೆಳಿಗ್ಗೆ ಸರ್ಕಲ್‌ನಲ್ಲಿ ಹುಡುಗರು ಅವನನ್ನು ತಡೆದರು. ಗಂಟು ಬಿಚ್ಚಿ ಚರಂಡಿಗೆ ಎಸೆದರು. ಕೆನ್ನೆಗೆ ಎರಡು ಬಿತ್ತು. ಯಾರೋ ಪುಣ್ಯಾತ್ಮರು ಪೊಲೀಸರಿಗೆ ಫೋನ್ ಮಾಡಿದ್ದರಿಂದ ಅಲ್ಲಿಗೇ ನಿಂತಿತು. ವಿಚಾರಿಸಿದರೆ ಉತ್ತರದ ಕಡೆಯಿಂದ ಬಂದು ಬೆಡ್‌ಶೀಟ್, ಕಂಬಳಿ ಮಾರುವವನು, ಅಷ್ಟೇ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಳಗಿನಿಂದ ನೀಲಿ ಹೂವಿನ ಬೆಡ್‌ಶೀಟ್ ತಂದು ತೋರಿಸಿದರು. "ಇವನಾ? ಮೊನ್ನೆ ನಮ್ಮ ಜಗಲಿ ಮೇಲೆ ಕೂತು ನೀರು ಕುಡಿದು ಹೋದ. ನಿನ್ನ ಮಗಳಿಗೆ ಮಿಠಾಯಿ ಕೊಡ್ಲಾ ಅಂತ ನನ್ನ ಕೇಳಿ ಕೊಟ್ಟ." ಅಮ್ಮನ ಹತ್ತಿರ ವಾಟ್ಸಾಪ್ ಇಲ್ಲ. ಹಾಗಾಗಿ ಅವರಿಗೆ ಮನುಷ್ಯ ಗೊತ್ತಿತ್ತು, ಫೋಟೋ ಗೊತ್ತಿರಲಿಲ್ಲ. ನನಗೆ ಉಲ್ಟಾ.

ಅವತ್ತೇ "ಅದು ಸುಳ್ಳು" ಅಂತ ಗ್ರೂಪಿನಲ್ಲಿ ಬರೆದೆ. ಎರಡು ಹೆಬ್ಬೆಟ್ಟು ಬಂತು. ನನ್ನ ಪಾಲಿಗೆ ಮುಗಿಯಿತು ಅಂದುಕೊಂಡೆ. ಈಗ ನೋಡಿದರೆ ಆ ಫೋಟೋ ಇನ್ನೂ ತಿರುಗುತ್ತಾ ಇದೆ, ಊರಿನ ಹೆಸರು ಮಾತ್ರ ಬದಲಾಗಿದೆ.

ನನ್ನ ಪ್ರಶ್ನೆ ಸರಳ. ತೆಗೆದವನು ಯಾರೋ, ಬರೆದವನು ಯಾರೋ. ನಾನು ಬರೀ ದಾಟಿಸಿದವನು. ನನ್ನ ಪಾಲು ಎಷ್ಟು? ಈಗ ಏನು ಮಾಡಬೇಕು?

ಘಾಟ್ ರಸ್ತೆ

ಅಣ್ಣ, ಇಷ್ಟು ವರ್ಷ ಆದಮೇಲೆ ಯಾಕೆ ತಲೆ ಕೆಡಿಸಿಕೊಳ್ತೀರಿ. ನೀವು ಹೊಡೆಯಲಿಲ್ಲ, ಹೊಡೆಸಲೂ ಇಲ್ಲ. ತಪ್ಪು ಅಂತ ಅವತ್ತೇ ಬರೆದ್ರಿ. ಅಷ್ಟೂ ಮಾಡದವರು ನಮ್ಮ ಗ್ರೂಪಿನಲ್ಲಿ ಇನ್ನೂರು ಜನ ಇದ್ದಾರೆ.

ನೇರಮಾತು

ನಾನು ಬೇರೆ ಹೇಳ್ತೇನೆ, ಬೈಬೇಡಿ. ಒಂದು ವೇಳೆ ಅದು ನಿಜ ಆಗಿದ್ರೆ? ನೀವು ಕಳಿಸದೆ ಸುಮ್ನೆ ಕೂತು, ಒಂದು ಮಗು ಹೋಗಿದ್ರೆ? ಆಗ ಇಲ್ಲಿ ಬಂದು "ನಾನು ಯಾಕೆ ಕಳಿಸಲಿಲ್ಲ" ಅಂತ ಬರೀತಿದ್ರಿ. ಜಾಗ್ರತೆ ಹೇಳುವುದು ತಪ್ಪಲ್ಲ. ನಮ್ಮೂರು ಮೊದಲಿನ ಹಾಗಿಲ್ಲ. ಯಾರು ಬರ್ತಾರೆ, ಯಾರು ಹೋಗ್ತಾರೆ ಗೊತ್ತಾಗುವುದಿಲ್ಲ.

ಕರಿಮೆಣಸು

ಕೊಡಗಿನ ಸಿದ್ದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ ನನ್ನದು, ಅಂದ್ರೆ ಲೆಕ್ಕ ಬರೆಯುವವನು. "ಯಾರು ಬರ್ತಾರೆ ಗೊತ್ತಾಗುವುದಿಲ್ಲ" ಅಂದ್ರಲ್ಲ, ಅದಕ್ಕೆ ಹೇಳ್ತೇನೆ. ನಮ್ಮಲ್ಲಿ ಕಾಫಿ ಕೊಯ್ಯುವವರು ಈಗ ಅರ್ಧಕ್ಕರ್ಧ ಅಸ್ಸಾಂ ಕಡೆಯವರು. ಎಸ್ಟೇಟಿನ ಲೈನ್ ಮನೆಯಲ್ಲಿ (ಕೂಲಿಯವರ ಸಾಲು ಮನೆ) ಇರ್ತಾರೆ. ಇಂಥ ಒಂದು ಮೆಸೇಜು ಬಂದ ವಾರ ಅವರು ಅಂಗಡಿಗೆ ಹೋಗಲಿಲ್ಲ. ಅಕ್ಕಿ ಮುಗಿದರೂ ಹೋಗಲಿಲ್ಲ. ನಾನೇ ಜೀಪಿನಲ್ಲಿ ಕೂರಿಸಿಕೊಂಡು ಹೋಗಬೇಕಾಯಿತು. ಒಂದು ಗುಂಪು ಕೊಯ್ಲು ಅರ್ಧಕ್ಕೆ ಬಿಟ್ಟು ರಾತ್ರೋರಾತ್ರಿ ಹೊರಟಿತು, ಕೂಲಿ ಬಾಕಿಯನ್ನೂ ಕೇಳಲಿಲ್ಲ. ಹಣ್ಣು ಗಿಡದಲ್ಲೇ ಒಣಗಿ ಉದುರಿತು. "ಜಾಗ್ರತೆ" ಅಂತ ಬರೆದವರಿಗೆ ಇದೆಲ್ಲ ಕಾಣುವುದಿಲ್ಲ.

ಇನ್ನು ಜಾಗ್ರತೆ ಹೇಳುವುದು ಹೇಗೆ ಅನ್ನುವುದಕ್ಕೆ ನಮ್ಮ ಆನೆ ಗ್ರೂಪು ನೋಡಿ. ಇಲ್ಲಿ ಬೆಳಿಗ್ಗೆ ಆನೆ ಎಲ್ಲಿದೆ ಅಂತ ತಿಳಿಯದೆ ತೋಟಕ್ಕೆ ಇಳಿಯುವಂತಿಲ್ಲ. ಜೀವದ ವಿಷಯ. ಗ್ರೂಪು ಶುರುವಾದಾಗ ಅದೂ ಸಂತೆಯೇ ಆಗಿತ್ತು. ಕೇರಳದ ಹಳೇ ವಿಡಿಯೋ ಹಾಕಿ "ಈಗ ತಾನೇ ಮಾಲ್ದಾರೆಯಲ್ಲಿ" ಅನ್ನುವವರು, ಗುಡ್ ಮಾರ್ನಿಂಗ್ ಹೂವು ಹಾಕುವವರು. ಎರಡು ಸಲ ಸುಳ್ಳು ಸುದ್ದಿಗೆ ಕೆಲಸ ನಿಲ್ಲಿಸಿದೆವು. ಮೂರನೇ ಸಲ ಸುದ್ದಿ ನಿಜ ಇತ್ತು, ಯಾರೂ ನಂಬಲಿಲ್ಲ. ದೇವರ ದಯೆ, ಜೀಪಿನ ಬಾನೆಟ್ ಮಾತ್ರ ಹೋಯಿತು.

ಆಮೇಲೆ ಒಂದು ನಿಯಮ ಮಾಡಿದೆವು. ಎಲ್ಲಿ, ಎಷ್ಟು ಗಂಟೆಗೆ, ನೋಡಿದ್ದು ಯಾರು. ಈ ಮೂರು ಇಲ್ಲದ ಮೆಸೇಜನ್ನು ಅಡ್ಮಿನ್ ತಕ್ಷಣ ಅಳಿಸ್ತಾರೆ. "ಯಾರೋ ಹೇಳಿದರು" ಅನ್ನುವಂತಿಲ್ಲ. ಓದು ಬರಹ ಇಲ್ಲದವರು ವಾಯ್ಸ್ ಹಾಕ್ತಾರೆ. ಒಮ್ಮೆ ಒಬ್ಬ ಅಕ್ಕ ಪಿಸುದನಿಯಲ್ಲಿ ಹಾಕಿದ್ದರು: "ಆರೂ ಕಾಲು, ಕೆರೆ ಬದಿ, ನಾನೇ ನೋಡ್ತಾ ಇದೀನಿ, ಮರಿ ಉಂಟು, ಇತ್ಲಾಗೆ ಬರಬೇಡಿ." ಹಿಂದೆ ಬಿದಿರು ಮುರಿಯುವ ಸದ್ದು ಕೇಳ್ತಿತ್ತು. ಜಾಗ್ರತೆ ಅಂದ್ರೆ ಅದು.

ಕಾಫಿಕಣ

"ನಾನೇ ನೋಡ್ತಾ ಇದೀನಿ." ನನ್ನ ಮೆಸೇಜಿನಲ್ಲಿ ಇಲ್ಲದೇ ಇದ್ದದ್ದು ಅದೇ. ಸರಿ ಹೇಳಿದ್ರಿ.

ಸಂಪಾಜೆ ಗೇಟು

ವಾಟ್ಸಾಪ್ ಬರೀ ಕೆಟ್ಟದ್ದು ಅಂತ ಆಗಬಾರದು ಮಾರಾಯ್ರೆ. 2018ರ ಆಗಸ್ಟ್ ನೆನಪುಂಟಲ್ವಾ. ಜೋಡುಪಾಲದ ಹತ್ತಿರ ಗುಡ್ಡ ಜಾರಿ ಮಡಿಕೇರಿ ರಸ್ತೆಯೇ ಹೋಗಿತ್ತು. ಅತ್ತ ಮಕ್ಕಂದೂರು, ಮುಕ್ಕೋಡ್ಲು ಕಡೆ ಜನ ಗುಡ್ಡದ ಮೇಲೆ ಸಿಕ್ಕಿಕೊಂಡಿದ್ದರು. ಯಾವ ಮನೆಯಲ್ಲಿ ಎಷ್ಟು ಜನ ಅಂತ ಫೋನಿನಲ್ಲೇ ಪಟ್ಟಿ ಮಾಡಿದೆವು. ಬ್ಯಾಟರಿ ಉಳಿಸಬೇಕು ಅಂತ ಒಬ್ಬರ ಫೋನ್ ಆನ್, ಉಳಿದವರದ್ದು ಆಫ್. ನಮ್ಮ ಕಡೆಯ ಒಂದು ಮನೆಯವರನ್ನು ಹುಡುಕಿ ಕರೆದುಕೊಂಡು ಬಂದದ್ದು ಒಂದು ಲೊಕೇಶನ್ ಮೆಸೇಜಿನಿಂದ.

ಆದರೆ ಅದೇ ವಾರ, ಅದೇ ಫೋನಿನಲ್ಲಿ ಒಂದು ವಾಯ್ಸ್ ಬಂತು. "ನನ್ನ ಭಾವ ದೊಡ್ಡ ಆಫೀಸಿನಲ್ಲಿ ಇದ್ದಾರೆ, ಇವತ್ತು ರಾತ್ರಿ ದೊಡ್ಡ ಭೂಕಂಪ ಆಗ್ತದೆ, ಹೊರಗೆ ಬನ್ನಿ." ಯಾರ ಭಾವ, ಯಾವ ಆಫೀಸು, ಏನೂ ಇಲ್ಲ. ಜೋರು ಮಳೆಯಲ್ಲಿ ಬಾಣಂತಿಯನ್ನು ಹೊರಗೆ ತಂದು ಕೂರಿಸಿದರು. ಭೂಕಂಪ ಇಂಥ ದಿನ ಇಂಥ ಗಂಟೆಗೆ ಆಗ್ತದೆ ಅಂತ ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲ. ಅದು ನಮಗೆ ಆಮೇಲೆ ಗೊತ್ತಾದದ್ದು. 2022ರಲ್ಲಿ ಚೆಂಬು, ಸಂಪಾಜೆ ಕಡೆ ನಿಜಕ್ಕೂ ಸಣ್ಣಗೆ ನೆಲ ನಡುಗಿತಲ್ಲ, ಆಗ ಆ ಹಳೇ ವಾಯ್ಸ್ ಮತ್ತೆ ಎದ್ದು ಬಂತು! ಅದೇ ಭಾವ!

ಘಾಟ್ ರಸ್ತೆ

ಭಾವನಿಗೆ ಇನ್ನೂ ಪ್ರಮೋಷನ್ ಸಿಗಲಿಲ್ಲ ಕಾಣ್ತದೆ 😄

ಮುಂಗಾರು ಮೇಷ್ಟ್ರು

ನಗು ಬಂತು, ಆದರೆ ಆ ಭಾವನ ವಿಷಯ ಗಮನಿಸಿ. ಸುದ್ದಿಗೆ ಒಂದು ಮುಖ ಬೇಕು, ಅದಕ್ಕೆ ಭಾವನನ್ನು ಹುಟ್ಟಿಸುತ್ತಾರೆ.

ನಾನು ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವನು. ಬೆಳಿಗ್ಗೆ ನಮ್ಮ ಮಡಿಕೇರಿಯ 'ಶಕ್ತಿ' ಪತ್ರಿಕೆ ಬಾರದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಯಾವ ಪತ್ರಿಕೆಯನ್ನೇ ತೆಗೆಯಿರಿ, ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ಇರುತ್ತದೆ. ಹೆಸರು ಹಾಕಲೇಬೇಕು ಅಂತ 1867ರಲ್ಲೇ ಬ್ರಿಟಿಷರು ಕಾನೂನು ಮಾಡಿದ್ದರು. ಅವರ ಉದ್ದೇಶ ನಮ್ಮವರ ಮೇಲೆ ಕಣ್ಣಿಡುವುದು, ಅದು ಬೇರೆ ಮಾತು. ಆದರೆ ಓದುವವನಿಗೆ ಒಂದು ಲಾಭ ಆಯಿತು. ತಪ್ಪು ಬಂದರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಯಿತು. ನಮ್ಮ ಶಾಲೆಯ ಫಲಿತಾಂಶ ಒಮ್ಮೆ ತಪ್ಪಾಗಿ ಅಚ್ಚಾಗಿತ್ತು. ಫೋನ್ ಮಾಡಿದೆ, ಮರುದಿನ ತಿದ್ದುಪಡಿ ಬಂತು. ತಪ್ಪು ಓದಿದವರೇ ತಿದ್ದುಪಡಿಯನ್ನೂ ಓದಿದರು.

ಕಾಫಿಕಣ ಅವರೇ, ನಿಮ್ಮ ಫೋಟೋ ನೂರು ಊರು ಸುತ್ತಿತು. ನಿಮ್ಮ ತಿದ್ದುಪಡಿ ಒಂದೇ ಗ್ರೂಪಿನಲ್ಲಿ ಉಳಿಯಿತು. ಉಳಿದ ಐದು ಗ್ರೂಪಿಗೆ ಹಾಕಿದ್ರಾ? ಕೇಳ್ತಾ ಇದ್ದೇನೆ, ಬೈತಾ ಇಲ್ಲ.

ಕಾಫಿಕಣ

ಇಲ್ಲ ಮೇಷ್ಟ್ರೇ. ಹಾಕಲಿಲ್ಲ. ಒಂದರಲ್ಲಿ ಹೆಂಡತಿಯ ತವರಿನವರು ಇದ್ದರು, ನಾಚಿಕೆ ಆಯಿತು.

ಕುಶಾಲನಗರ ಟು ಬೆಂಗಳೂರು

ಇದೇ ಕ್ಷೇತ್ರದಲ್ಲಿ ಕೆಲಸ ಮಾಡ್ತೇನೆ, ಅದಕ್ಕೆ ಸ್ವಲ್ಪ ಒಳಗಿನ ವಿಷಯ ಹೇಳ್ತೇನೆ. ಉದ್ದ ಆಗ್ತದೆ, ಕ್ಷಮಿಸಿ.

ಒಂದೇ ಸಲಕ್ಕೆ ಐದಕ್ಕೇ ಯಾಕೆ ಹೋಯಿತು ಗೊತ್ತಾ? ಆ ಐದರ ಮಿತಿ ಬಂದದ್ದೇ ಹೆಣ ಬಿದ್ದ ಮೇಲೆ. 2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ದೇಶ ತುಂಬಾ ಹರಡಿ ಎಷ್ಟೋ ಕಡೆ ಜನರನ್ನು ಹೊಡೆದು ಕೊಂದರು. ನಮ್ಮ ರಾಜ್ಯದಲ್ಲೇ ಆ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಸತ್ತರು. ಜೊತೆಯಲ್ಲಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪ. (ಮಿಠಾಯಿ ಅಂತ ನೀವು ಬರೆದದ್ದು ಓದಿ ನನಗೆ ಮೈ ಜುಮ್ ಅಂತು.) ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹಾಕಿತು. 2019ರ ಜನವರಿಯಲ್ಲಿ ಜಗತ್ತಿಗೆಲ್ಲ ಅದೇ ಮಿತಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಸುಳ್ಳುಗಳ ಕಾಲಕ್ಕೆ, ತುಂಬಾ ಸಲ ದಾಟಿ ಬಂದ ಮೆಸೇಜು ಒಮ್ಮೆಗೆ ಒಂದೇ ಕಡೆಗೆ ಅಂತಾಯಿತು. ಜೋಡಿ ಬಾಣದ ಗುರುತು ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಅಂತ ಅರ್ಥ.

ಆದರೆ ಈ ಗುರುತು ಮೊದಲು ಬರೆದವನು ಯಾರು ಅಂತ ಹೇಳುವುದಿಲ್ಲ. ನಿಮ್ಮ ತಂಗಿಗೆ ಕಾಣುವುದು ಅವಳಿಗೆ ಕಳಿಸಿದ ಗೆಳತಿಯ ಹೆಸರು. ನಿಮಗೆ ಕಾಣುವುದು ತಂಗಿಯ ಹೆಸರು. ಸುಳ್ಳು ಹುಟ್ಟಿಸಿದವನಿಗೆ ಹೆಸರಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ನಮ್ಮ ಹೆಸರಿನ ಮೇಲಿನ ನಂಬಿಕೆಯನ್ನು ಪುಕ್ಕಟೆ ಸಾಲ ತೆಗೆದುಕೊಂಡು ಊರೂರು ತಿರುಗುತ್ತಾನೆ. ಮೇಷ್ಟ್ರು ಹೇಳಿದ ಆ ಸಣ್ಣ ಅಕ್ಷರದ ಜಾಗದಲ್ಲಿ ಈಗ ಇರುವುದು ನಮ್ಮ ಹೆಸರು. ನಿಮ್ಮ ಪಾಲು ಎಷ್ಟು ಅಂದ್ರೆ, ನನ್ನ ಪ್ರಕಾರ ಅಷ್ಟು.

ಫೇಸ್‌ಬುಕ್ ಕಥೆ ಇನ್ನೊಂದು ಥರ. ಅಲ್ಲಿ ಮುಂದೆ ದಾಟಿಸುವುದು ಮನುಷ್ಯ ಮಾತ್ರ ಅಲ್ಲ, ಯಂತ್ರವೂ ಹೌದು. 2021ರಲ್ಲಿ ಫ್ರಾನ್ಸಿಸ್ ಹೌಗನ್ ಅನ್ನುವ ಹಳೇ ಉದ್ಯೋಗಿ ಕಂಪನಿಯ ಒಳಗಿನ ಕಾಗದಗಳನ್ನು ಹೊರಗೆ ತಂದರು. ಅದರಲ್ಲಿ ಒಂದು ವಿಷಯ ಇತ್ತು. ಕೆಲವು ಕಾಲ ಸಿಟ್ಟಿನ ಮುಖದ ಚಿಹ್ನೆಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿದ್ದರು. ಅಂದ್ರೆ ಸಿಟ್ಟು ಬರಿಸುವ ಪೋಸ್ಟು ಜಾಸ್ತಿ ಜನರ ಮುಂದೆ ಬರುತ್ತಿತ್ತು. ಆಮೇಲೆ ಅದನ್ನು ಇಳಿಸಿದರು. ಹಾಗಂತ ಎಲ್ಲ ಯಂತ್ರದ ತಲೆಗೆ ಕಟ್ಟುವ ಹಾಗೂ ಇಲ್ಲ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಟ್ವಿಟರ್ ಬಗ್ಗೆ ಒಂದು ಅಧ್ಯಯನ ಬಂತು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಸಾಧ್ಯತೆ ಶೇ. 70ರಷ್ಟು ಜಾಸ್ತಿ ಅಂತ ಅದರಲ್ಲಿ ಸಿಕ್ಕಿತು. ಯಂತ್ರದ ಖಾತೆಗಳನ್ನು ತೆಗೆದುಹಾಕಿ ನೋಡಿದರೂ ಅಷ್ಟೇ. ಹೊಸದು, ಬೆಚ್ಚಿಬೀಳಿಸುವಂಥದ್ದು ಕಂಡರೆ ನಮ್ಮ ಕೈ ತಡೆಯುವುದಿಲ್ಲ.

ನೇರಮಾತು

ಹಾಗಾದ್ರೆ ಮೊದಲು ಬರೆದವನನ್ನು ಹಿಡಿಯಿರಿ. ಕಂಪನಿಗೆ ಗೊತ್ತಿರ್ತದಲ್ಲ. ಗ್ರೂಪ್ ಅಡ್ಮಿನ್‌ಗಳನ್ನು ನಾಲ್ಕು ದಿನ ಒಳಗೆ ಹಾಕಿ, ಎಲ್ಲ ಸರಿ ಹೋಗ್ತದೆ.

ಕುಶಾಲನಗರ ಟು ಬೆಂಗಳೂರು

ಅಡ್ಮಿನ್ ವಿಷಯಕ್ಕೆ ನಮ್ಮ ಪಕ್ಕದ ಕೇರಳದ ಹೈಕೋರ್ಟೇ 2022ರಲ್ಲಿ ಹೇಳಿದೆ. ಸದಸ್ಯ ಹಾಕಿದ ಪೋಸ್ಟಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡಲು ಆಗುವುದಿಲ್ಲ. ಇನ್ನು ಮೊದಲು ಬರೆದವನನ್ನು ಗುರುತಿಸುವ ವ್ಯವಸ್ಥೆ ಇರಬೇಕು ಅಂತ 2021ರ ಐಟಿ ನಿಯಮಗಳು ಕೇಳಿದವು. ಹಾಗೆ ಮಾಡಬೇಕಾದರೆ ಎಲ್ಲರ ಮಾತಿನ ಬೀಗ ಮುರಿಯಬೇಕಾಗ್ತದೆ ಅಂತ ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ನನಗೆ ಇದರಲ್ಲಿ ಎರಡೂ ಕಡೆ ಮನಸ್ಸು ಎಳೀತದೆ. ಕಳ್ಳ ಸಿಗಬೇಕು ನಿಜ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಸುಮ್ನೆ ಸಿಕ್ಕಿದ್ದಲ್ಲ ಅದು. ಹಿಂದೆ ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು. ಒಂದು ಕಮೆಂಟಿಗೆ, ಒಂದು ಲೈಕಿಗೆ ಜನರನ್ನು ಒಳಗೆ ಹಾಕಿದರು. 2015ರಲ್ಲಿ ಕೋರ್ಟು ಅದನ್ನು ಕಿತ್ತು ಹಾಕಿತು. ಮತ್ತೆ ಅಂಥದ್ದೇ ಬೇಕಾ?

ನಾಪೋಕ್ಲು ಕಿತ್ತಳೆ

ಎಲ್ಲರೂ ಸುದ್ದಿ ನಿಜವೋ ಸುಳ್ಳೋ ಅಂತ ಮಾತಾಡ್ತಾ ಇದ್ದೀರಿ. ನಿಜ ಆದ ಫೋಟೋದ ಕಥೆ ಏನು?

ನಮ್ಮ ಮನೆಯಲ್ಲಿ ಹೋಮ್‌ಸ್ಟೇ ಇದೆ. ಹೋದ ವರ್ಷ ಬಂದಿದ್ದ ಅತಿಥಿಗಳು ಅಜ್ಜಿಯ ವಿಡಿಯೋ ತೆಗೆದರು. ಅಜ್ಜಿ ಒಲೆ ಮುಂದೆ ಕೂತು ಕಡಂಬಿಟ್ಟು (ಅಕ್ಕಿ ಕಡುಬು) ಉಂಡೆ ಕಟ್ಟುತ್ತಿದ್ದರು. ಹಳೇ ಸೀರೆ, ಹಲ್ಲಿಲ್ಲದ ಬಾಯಿ, ನಗು. ವಿಡಿಯೋ ಎಷ್ಟೋ ಲಕ್ಷ ಜನ ನೋಡಿದರು. ಒಂದೂ ಕೆಟ್ಟ ಮಾತಿಲ್ಲ, "ಎಷ್ಟು ಮುದ್ದಾದ ಅಜ್ಜಿ" ಅಂತಲೇ ಎಲ್ಲ. ನಾವು ಖುಷಿಯಿಂದ ತೋರಿಸಿದೆವು. ಅಜ್ಜಿ ತುಂಬಾ ಹೊತ್ತು ನೋಡಿದರು. ಆಮೇಲೆ, "ಈ ಸೀರೆಯಲ್ಲಾ? ಇದರಲ್ಲಿ ನಾನು ಅಂಗಳ ದಾಟುವುದಿಲ್ಲ" ಅಂದರು. ಎರಡು ದಿನ ಮಾತಾಡಲಿಲ್ಲ. ಈಗ ಅತಿಥಿಗಳು ಬಂದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ತಾರೆ.

ಅಳಿಸಿ ಅಂತ ಕೇಳಿದೆ. ಅವರು ಒಳ್ಳೆಯವರೇ, ಅಳಿಸಿದರು. ಆದರೆ ಅಷ್ಟರಲ್ಲಿ ಬೇರೆ ಯಾರೋ ಡೌನ್‌ಲೋಡ್ ಮಾಡಿ, ಹಾಡು ಸೇರಿಸಿ ಹಾಕಿದ್ದರು. ಅವರನ್ನು ಎಲ್ಲಿ ಹುಡುಕಲಿ? ಬೆಡ್‌ಶೀಟಿನವನ ಮೇಲೆ ಸುಳ್ಳು ಹೇಳಿದರು, ನಮ್ಮ ಅಜ್ಜಿಯ ಮೇಲೆ ಪ್ರೀತಿ ತೋರಿಸಿದರು. ಕೇಳಲಿಲ್ಲ ಅನ್ನುವುದು ಎರಡರಲ್ಲೂ ಒಂದೇ.

ಇನ್ನು ನಮ್ಮ ವಯಸ್ಸಿನ ಹುಡುಗಿಯರ ಕಥೆ ಕೇಳಬೇಡಿ. ಮದುವೆಯಲ್ಲಿ ಕುಪ್ಯ ಚೇಲೆ (ಕೊಡವ ಗಂಡಸರ ಉಡುಪು) ಹಾಕಿದ ಹುಡುಗರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಗೆಳತಿಯ ಮುಖವನ್ನು ಯಾವುದೋ ದೇಹಕ್ಕೆ ಅಂಟಿಸಿದರು. ಅಂಥದ್ದನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕು ಅಂತ 2021ರ ನಿಯಮದಲ್ಲೇ ಬಂದಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ, ದೂರು ತೆಗೆದುಕೊಳ್ಳಬೇಕಾದವರು "ನೀನ್ಯಾಕಮ್ಮ ಫೋಟೋ ಹಾಕ್ದೆ" ಅಂತ ಕೇಳಿದರು. ಇಲ್ಲಿ ಓದುವ ಹುಡುಗಿಯರಿಗೆ ಹೇಳ್ತೇನೆ: ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮೊದಲು ಆ್ಯಪಿನಲ್ಲೇ ದೂರು ಕೊಡಿ, ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಅಪರಾಧದ ಪೋರ್ಟಲ್‌ನಲ್ಲೂ ಹಾಕಿ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಘಾಟ್ ರಸ್ತೆ

ಅಜ್ಜಿ ವಿಷಯ ಓದಿ ಬೇಜಾರಾಯಿತು ತಂಗಿ. ನಾನು ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರ ಜೀಪು ಓಡಿಸುವವನು. ರೀಲ್ಸ್ ಇಲ್ಲದಿದ್ರೆ ನನ್ನ ಜೀಪಿನ ಕಂತು ಕಟ್ಟಲಿಕ್ಕೆ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಮಂಜು ಇದ್ದರೆ ರೀಲು, ಮಂಜು ಇಲ್ಲದಿದ್ರೆ "ಮಂಜು ಎಲ್ಲಿ" ಅಂತ ನನ್ನ ಮೇಲೆ ಜಗಳ. ನಮ್ಮ ಭಾವನ ಗದ್ದೆಯ ಪಕ್ಕ ಒಂದು ಸಣ್ಣ ಝರಿ ಇತ್ತು, ಹೆಸರೂ ಇರಲಿಲ್ಲ. ಯಾರೋ ಲೊಕೇಶನ್ ಹಾಕಿದರು. ಆ ಮಳೆಗಾಲ ನಾಟಿ ಮಾಡಿದ ಗದ್ದೆಯಲ್ಲಿ ಶೂ ಹಾಕಿಕೊಂಡು ನಡೆದರು. ಲೊಕೇಶನ್ ಹಾಕಿದ್ದು ಯಾರು ಅಂದ್ರೆ... ನನ್ನ ಜೀಪಿನಲ್ಲಿ ಬಂದವರು. ತೋರಿಸಿದವನು ನಾನು. ಭಾವನಿಗೆ ಇವತ್ತಿಗೂ ಹೇಳಿಲ್ಲ.

ಕರಿಮೆಣಸು

ಈಗ ಹೇಳಿದ ಹಾಗಾಯಿತು. ಭಾವ ಇಲ್ಲಿ ಓದ್ತಾ ಇದ್ರೆ?

ಘಾಟ್ ರಸ್ತೆ

ಅವರ ಹತ್ತಿರ ಇರುವುದು ಬಟನ್ ಫೋನು. ಬಚಾವ್.

ನೇರಮಾತು

ಸರಿ, ಜೈಲಿನ ಮಾತು ವಾಪಸ್ ತಗೊಂಡೆ. ಆದರೆ ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾಳೆ ನನ್ನ ಗೇಟಿನ ಹತ್ತಿರ ನಿಜಕ್ಕೂ ಅನುಮಾನ ಬರುವ ಒಬ್ಬ ನಿಂತಿದ್ದಾನೆ. ನಾನೇನು ಮಾಡಬೇಕು? ಸುಮ್ನೆ ಇರಬೇಕಾ?

ಸಂಪಾಜೆ ಗೇಟು

ಮೊದಲು "ಏನು ಬೇಕಿತ್ತು" ಅಂತ ಕೇಳಿ ಮಾರಾಯ್ರೆ. ನಮ್ಮ ಅಪ್ಪ ಅಷ್ಟೇ ಮಾಡ್ತಿದ್ದರು. ಹತ್ತರಲ್ಲಿ ಒಂಬತ್ತು ಜನ ದಾರಿ ಕೇಳುವವರು. ಹತ್ತನೆಯವನು ಅಂತ ಅನ್ನಿಸಿದ್ರೆ 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯ ಆದ್ರೆ 1098 ಉಂಟು. ಪೊಲೀಸರಿಗೆ ಹೇಳುವುದು ಒಬ್ಬರಿಗೆ ಹೇಳಿದ ಹಾಗೆ, ಅವರು ಬಂದು ವಿಚಾರಿಸ್ತಾರೆ. ಗ್ರೂಪಿಗೆ ಹಾಕುವುದು ಇನ್ನೂರು ಜನರ ಕೈಗೆ ದೊಣ್ಣೆ ಕೊಟ್ಟ ಹಾಗೆ. ಯಾವ ಕೈ ಎತ್ತುತ್ತದೆ ನಿಮಗೆ ಗೊತ್ತಾ?

ನೇರಮಾತು

ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು.

ಕಾಫಿಕಣ

ಆ ಮನುಷ್ಯನನ್ನು ಹುಡುಕಿ ಕ್ಷಮೆ ಕೇಳಬೇಕು ಅಂತ ಆಸೆ ಇದೆ, ಆದರೆ ಅವನ ಹೆಸರೂ ನಮಗೆ ಗೊತ್ತಿಲ್ಲ. ಆರು ವರ್ಷ ಅವನ ಮುಖ ಊರೂರಿಗೆ ಹಂಚಿದೆವು, ಹೆಸರು ಕೇಳಲಿಲ್ಲ. ಉಳಿದದ್ದಾದರೂ ಮಾಡೋಣ ಅಂತ ಆ ಫೋಟೋದ ಮೇಲೆ ಕೆಂಪಲ್ಲಿ ಅಡ್ಡಗೆರೆ ಎಳೆದು "ಸುಳ್ಳು" ಅಂತ ಬರೆದು ಎಲ್ಲ ಗ್ರೂಪಿಗೆ ಹಾಕ್ಲಾ?

ಕುಶಾಲನಗರ ಟು ಬೆಂಗಳೂರು

ಫೋಟೋ ಬೇಡ. ದಯವಿಟ್ಟು ಬೇಡ. ಜನ ಬರಹ ಓದುವುದಿಲ್ಲ, ಮುಖ ನೋಡ್ತಾರೆ. ಯಾರೋ ಒಬ್ಬರು ಕೆಂಪು ಗೆರೆಯನ್ನೇ "ಬೇಕಾದ ಆರೋಪಿ" ಅಂತ ಅಂದುಕೊಳ್ತಾರೆ. ಮತ್ತೊಂದು ಸುತ್ತು ಶುರುವಾಗ್ತದೆ.

ಕರಿಮೆಣಸು

ವಾಯ್ಸ್ ಹಾಕಿ. ನಿಮ್ಮ ಹೆಸರು ಹೇಳಿ, ಊರು ಹೇಳಿ. ನಮ್ಮ ಮೂರು ನಿಯಮ: ಎಲ್ಲಿ, ಯಾವಾಗ, ಯಾರು ನೋಡಿದ್ದು. "ಆ ಫೋಟೋ ನಮ್ಮ ಬೀದಿಯದ್ದು, 2019ರದ್ದು, ನಾನೇ ಕಳಿಸಿದ್ದು." ಅಮ್ಮನ ಹತ್ತಿರವೂ ಎರಡು ಮಾತು ಆಡಿಸಿ. ಅವರು ತಾನೇ ನಿಜಕ್ಕೂ ನೋಡಿದವರು.

ನಾಪೋಕ್ಲು ಕಿತ್ತಳೆ

ಅಮ್ಮನನ್ನು ಕೇಳಿ ಆಮೇಲೆ ರೆಕಾರ್ಡ್ ಮಾಡಿ 🙂

ಕಾಫಿಕಣ

ಹಾಕಿದೆ. ಇವತ್ತು ಬೆಳಿಗ್ಗೆ.

ಅಮ್ಮನನ್ನು ಕೇಳಿದೆ. ಮೊದಲು ಬೇಡ ಅಂದರು. ಆಮೇಲೆ ಬೆಡ್‌ಶೀಟ್ ಮಡಚುತ್ತಾ ಮಡಚುತ್ತಾ ಹೇಳಿದರು, ನಲವತ್ತು ಸೆಕೆಂಡು ಆಯಿತು. ಮಧ್ಯೆ ಕುಕ್ಕರ್ ಕೂಗಿದೆ, ಹಾಗೇ ಬಿಟ್ಟೆ. ತಂಗಿಗೆ ಮೊದಲು ಕಳಿಸಿದೆ. ಅವಳು ಒಂದು ಗಂಟೆ ಉತ್ತರ ಕೊಡಲಿಲ್ಲ, ಆಮೇಲೆ "ಹಾಸನದ ಗ್ರೂಪಿಗೆ ಹಾಕಿದೆ ಅಣ್ಣ" ಅಂತ ಬರೆದಳು. ಊರಿನ ಗ್ರೂಪಿನಲ್ಲಿ ಇಬ್ಬರು ಫೋನ್ ಮಾಡಿದರು. ಒಬ್ಬ ಅವತ್ತು ಗಂಟು ಎಸೆದ ಹುಡುಗ, ಈಗ ಅವನಿಗೂ ಮಗು ಇದೆ. ಏನೂ ಹೇಳಲಿಲ್ಲ, "ಕೇಳಿದೆ ಅಣ್ಣ" ಅಂತ ಇಟ್ಟ. ಇನ್ನೊಂದು ಗ್ರೂಪಿನಿಂದ ನನ್ನನ್ನು ತೆಗೆದರು. ಹೆಂಡತಿಯ ತವರಿನ ಗ್ರೂಪಿನಲ್ಲಿ ಮಾವ "ಒಳ್ಳೇದು" ಅಂತ ಬರೆದಿದ್ದಾರೆ.

ಆರನೇ ಗ್ರೂಪಿನಲ್ಲಿ, ಅವತ್ತು ಎರಡನೇ ಸಲ ಒತ್ತಿದ್ದೆನಲ್ಲ ಅದರಲ್ಲಿ, ಒಬ್ಬರು ಕೇಳಿದರು: "ಯಾವ ಫೋಟೋ? ನನಗೆ ಬಂದೇ ಇಲ್ಲ. ಒಮ್ಮೆ ಹಾಕಿ, ನೋಡೋಣ."

ಘಾಟ್ ರಸ್ತೆ

ಹಾಕಿದ್ರಾ?

ಕಾಫಿಕಣ

ಇಲ್ಲ. ಇನ್ನೂ ಮೂರು ಜನ ಕೇಳ್ತಾ ಇದ್ದಾರೆ.